ರಾದಮೆಸ್ ಗಡೀಪಾರಾದ ಫೈನಲ್

ನಮ್ಮ ಮೋಕಾ ಊರಿನಲ್ಲಿ ಕಳ್ಳತನದ ಆರೋಪ ಹೊತ್ತವನು ಎರಡು ಭಾನುವಾರ ಚರ್ಚಿನ ಮುಂದಿನ ಸಾಲಿನಲ್ಲಿ ಕೂತು ಎದ್ದರೆ ಸಾಕು, ಸಂಭಾವಿತನಾಗುತ್ತಾನೆ. ಹೆಂಡತಿಯನ್ನು ಬಿಟ್ಟು ಓಡಿಹೋದವನನ್ನೂ ಜನ ವರ್ಷದೊಳಗೆ ಮದುವೆ ಮುಂಜಿಗೆ ಕರೆಯುತ್ತಾರೆ. ಆದರೆ ಬೇಸ್‌ಬಾಲ್ ಪಂದ್ಯಕ್ಕೆ ಇವನ ಕಾಲ್ಗುಣ ಸರಿಯಿಲ್ಲ ಎಂಬ ಹೆಸರು ಬಂದರೆ ಅಲ್ಲಿಗೆ ಮುಗಿಯಿತು. ಅಂಥವನನ್ನು ನಾವು ಫುಕು ಅನ್ನುತ್ತೇವೆ. ಫುಕು ಎದುರಾದರೆ ನಾಯಿ ಕೂಡ ಬಾಲ ಮಡಚಿ ಪಕ್ಕದ ಓಣಿಗೆ ಹೋಗುತ್ತದೆ.

ನನ್ನ ಎದುರು ಮನೆಯ ರಾದಮೆಸ್ ಫುಕು ಆದದ್ದು ಒಂದೇ ಒಂದು ಮಾತಿನಿಂದ. ಅವನು ಪುರಸಭೆಯಲ್ಲಿ ನೀರಿನ ವಾಲ್ವ್ ತಿರುಗಿಸುವ ಕೆಲಸದವನು. ಬಲಕ್ಕೆ ತಿರುಗಿಸಬೇಕಾದ್ದನ್ನು ಎಡಕ್ಕೆ ತಿರುಗಿಸಿ ನಮ್ಮ ಬೀದಿಯ ನೀರನ್ನು ಒಂದು ವಾರ ಸ್ಮಶಾನಕ್ಕೆ ಬಿಟ್ಟಿದ್ದ. ಅಲ್ಲಿಂದ ಯಾರೂ ದೂರು ಕೊಡದ ಕಾರಣ ಅವನ ಕೆಲಸ ಉಳಿಯಿತು. ಹೀಗಿರುವ ಮನುಷ್ಯ ಆ ಡಿಸೆಂಬರಿನಲ್ಲಿ ಹೊಸ ಹಸಿರು ಟೋಪಿ ಕೊಂಡು, ಅದನ್ನು ಸ್ವಲ್ಪ ಓರೆಯಾಗಿ ಇಟ್ಟುಕೊಂಡು, ದಿನಸಿ ಅಂಗಡಿಯ ಡಾಮಾರಿಸಳ ಜಗಲಿಗೆ ಬಂದು ನಿಂತ. ಸಾಲು ಬಿಯರ್ ಪೆಟ್ಟಿಗೆಗಳ ಮೇಲೆ ಟೀವಿ, ಅದರ ಮುಂದೆ ಇಡೀ ಬೀದಿ. ನಮ್ಮ ತಂಡ ಮುಂಗುಸಿಗಳು ನಾಲ್ಕು ರನ್ ಮುಂದೆ. ಕೊನೆಯದಾದ ಒಂಬತ್ತನೆಯ ಇನಿಂಗ್ಸ್, ಬ್ಯಾಟು ಹಿಡಿದ ಎದುರಾಳಿ ತಂಡ ಕೊಕ್ಕರೆಗಳ ಎರಡು ಔಟ್ ಆಗಿದೆ, ಇನ್ನೊಂದು ಔಟ್ ಆದರೆ ಪಂದ್ಯ ನಮ್ಮದು. ಆಗ ರಾದಮೆಸ್ ಗಂಟಲು ಸರಿಮಾಡಿಕೊಂಡು ತನ್ನ ಮನೆಯಲ್ಲಿದ್ದ ಹೆಂಡತಿಗೆ ಕೇಳುವಂತೆ ಹೇಳಿದ:

"ಎಲ್ಪಿಡಿಯಾ, ಅನ್ನಕ್ಕಿಡು. ಪಂದ್ಯ ಮುಗೀತು, ಗೆದ್ವಿ. ಆಟ ಅರ್ಥ ಆಗೋರಿಗೆ ಇಷ್ಟು ಗೊತ್ತಾಗುತ್ತೆ."

ಡಾಮಿನೊ ಆಡುತ್ತಿದ್ದವರ ಕೈಗಳು ಗಾಳಿಯಲ್ಲೇ ನಿಂತವು. ಡಾಮಾರಿಸ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಕೊನೆಯ ಔಟ್ ಆಗುವ ಮೊದಲು ಗೆದ್ವಿ ಅನ್ನುವುದು ನಮ್ಮಲ್ಲಿ ಹೆಣ ಎತ್ತುವ ಮೊದಲು ತಿಥಿ ಊಟ ಬಡಿಸಿದ ಹಾಗೆ. ಮುಂದಿನದನ್ನು ಬರೆಯಲು ನನಗೆ ಇಂದಿಗೂ ಕೈ ಬರುವುದಿಲ್ಲ. ಕೊಕ್ಕರೆಗಳು ಐದು ರನ್ ಹೊಡೆದವು. ರಾದಮೆಸನ ಮನೆಯಲ್ಲಿ ಅನ್ನ ಬೆಂದಿತ್ತು, ತಿನ್ನುವವರಿರಲಿಲ್ಲ.

ಒಂದು ಸಲ ಆದರೆ ಗ್ರಹಚಾರ ಅನ್ನಬಹುದಿತ್ತು. ಆಮೇಲಿನ ವಾರ ಅವನು ಎರಡು ಮೊಟ್ಟೆ ಕೊಳ್ಳಲು ಅಂಗಡಿಗೆ ಕಾಲಿಟ್ಟ, ಕೊಕ್ಕರೆಗಳವನು ಹೊಡೆದ ಚೆಂಡು ಮೈದಾನದ ಗೋಡೆ ದಾಟಿತು. ಮೊಟ್ಟೆ ವಾಪಸು ಕೊಡಲು ಬಂದ, ಇನ್ನೊಂದು ದಾಟಿತು. ಪುರಸಭಾ ಸದಸ್ಯ ಲಿಯೊವಿಗಿಲ್ಡೊ ಅವರು ಅಂದೇ ಕುರ್ಚಿಯ ಮೇಲೆ ನಿಂತರು. ಇವರು ನಾಯಿಮರಿ ಕಳೆದುಹೋದರೂ ಭಾಷಣ ಮಾಡುವವರು.

"ಮಹಾಜನಗಳೇ," ಎಂದರು, "ಇದು ಮೂಢನಂಬಿಕೆ ಅಂತ ಕೆಲವರು ಹೇಳಬಹುದು. ನಾನು ವಿದ್ಯಾವಂತ, ನಾನೂ ಹಾಗೇ ಹೇಳ್ತೀನಿ. ಆದ್ರೂ ಇವನು ಹಿತ್ತಿಲಿಗೆ ಹೋಗಲಿ."

ಹಿತ್ತಿಲಿಗೆ ಹೋದ. ಒಂದು ರನ್ನಿನಿಂದ ಗೆದ್ದೆವು. ಮುಂದಿನ ಪಂದ್ಯಕ್ಕೆ ಚರ್ಚಿಗೆ ಕಳಿಸಿದೆವು, ಮೂರು ರನ್ನಿನಿಂದ ಗೆದ್ದೆವು. ಸಾಲ್ಸೆದೊ ಊರಿನಲ್ಲಿರುವ ಅವನ ಚಿಕ್ಕಮ್ಮನ ಮನೆಗೆ ಕಳಿಸಿದಾಗಂತೂ ಕೊಕ್ಕರೆಗಳಿಗೆ ರೆಕ್ಕೆಯೇ ಉಳಿಯಲಿಲ್ಲ. ಲಿಯೊವಿಗಿಲ್ಡೊ ಅವರು ಪುರಸಭೆಯಿಂದ ಭೂಪಟ ತಂದು ಅಂಗಡಿಯ ಗೋಡೆಗೆ ಹೊಡೆದು, ರಾದಮೆಸ್ ಎಷ್ಟು ದೂರವೋ ಗೆಲುವು ಅಷ್ಟು ದೊಡ್ಡದು ಎಂಬ ಸಿದ್ಧಾಂತವನ್ನು ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಅವನ ಹೆಂಡತಿ ಎಲ್ಪಿಡಿಯಾ.

"ನನ್ನ ಗಂಡ ಒಳ್ಳೇವನೇ," ಅಂದಳು, "ಆದ್ರೆ ಒಳ್ಳೇತನ ಮನೇಲಿ ಇಟ್ಕೊಳ್ಳಲಿ. ಇಲ್ಲ, ಮನೇಲೂ ಬೇಡ. ಸಾಲ್ಸೆದೊದಲ್ಲಿ ಇಟ್ಕೊಳ್ಳಲಿ."

ಇಷ್ಟೆಲ್ಲ ಆಗುವಾಗ ಒಬ್ಬರ ಕಷ್ಟ ಯಾರಿಗೂ ಕಾಣಲಿಲ್ಲ. ಅವರು ರಾದಮೆಸನ ಅಪ್ಪ, ನಾವೆಲ್ಲ ಗೌರವದಿಂದ ದೋನ್ ಎಂದು ಕರೆಯುವ ನಿಕಾಸಿಯೊ. ಊರಿನ ಹಳೆಯ ಕ್ಷೌರಿಕರು. ಪಾದ್ರಿಯ ಅರ್ಧ ಹುಬ್ಬು ಹೋದ ದಿನ ಕಣ್ಣಿನ ಪೊರೆ ಗೊತ್ತಾಗಿ ಕತ್ತರಿ ಕೆಳಗಿಟ್ಟರು. ಈಗ ಬೆಳಕು ನೆರಳು ಬಿಟ್ಟು ಬೇರೇನೂ ಕಾಣದು. ಆದರೆ ಒಂದು ಪಂದ್ಯವನ್ನೂ ಬಿಟ್ಟವರಲ್ಲ. ಜಗಲಿಯ ಮೊದಲ ಕುರ್ಚಿ ಅವರದು, ಪಕ್ಕದ ಕುರ್ಚಿ ಮಗನದು. ರಾದಮೆಸ್ ಅವರ ಕಿವಿಯ ಹತ್ತಿರ ಬಾಗಿ ಪಂದ್ಯ ಹೇಳುತ್ತಿದ್ದ. ಹೇಳುವುದು ಅಂದರೆ ಅವನು ವಾಲ್ವ್ ತಿರುಗಿಸಿದ ಹಾಗೆಯೇ. ಎಡಕ್ಕೆ ಹೋದ ಚೆಂಡನ್ನು ಬಲಕ್ಕೆ ಕಳಿಸುತ್ತಿದ್ದ, ಔಟಾದವನನ್ನು ಓಡಿಸುತ್ತಿದ್ದ. ಮುದುಕರು ಟೀವಿಯ ಗದ್ದಲ ಕೇಳಿ, "ಎಡಕ್ಕಲ್ವೇನೋ ಹೋದದ್ದು?" ಎಂದು ತಿದ್ದುತ್ತಿದ್ದರು. "ಹೂಂ ಅಪ್ಪಾ, ಎಡಕ್ಕೇ, ನಾನು ನಿನ್ನ ಕಡೆಯಿಂದ ಹೇಳ್ದೆ" ಎನ್ನುತ್ತಿದ್ದ. ಇಬ್ಬರೂ ಸೇರಿ ಒಂದು ಪಂದ್ಯ ನೋಡುತ್ತಿದ್ದರು.

ಮಗನನ್ನು ಓಡಿಸಿದ ಮೇಲೆ ಪಂದ್ಯ ಹೇಳಲು ಆ ಕುರ್ಚಿಗೆ ಲಿಯೊವಿಗಿಲ್ಡೊ ಅವರೇ ಬಂದು ಕೂತರು. ಮಾನ್ಯ ದೋನ್ ನಿಕಾಸಿಯೊ ಅವರೇ, ಈ ಬೀದಿಯ ಹಿರಿಯರೇ, ಎಂದು ಅವರು ಪೀಠಿಕೆ ಮುಗಿಸುವಷ್ಟರಲ್ಲಿ ಇನಿಂಗ್ಸ್ ಮುಗಿದಿರುತ್ತಿತ್ತು. ಒಂದು ದಿನ ಸೊಸೆ ಎಲ್ಪಿಡಿಯಾ ಪಂದ್ಯ ಹೇಳಿದಳು.

"ಏನಾಯ್ತಮ್ಮಾ?" ಎಂದರು ಮುದುಕರು.

"ಒಬ್ಬ ಹೊಡೆದ ಮಾವ. ಎಷ್ಟು ತೆಳ್ಳಗಿದಾನೆ ಪಾಪ, ಅವನ ಮನೇಲಿ ಏನು ಹಾಕ್ತಾರೋ."

"ಚೆಂಡು ಎಲ್ಲಿಗೆ ಹೋಯ್ತು?"

"ಯಾವ ಚೆಂಡು?"

ಜನವರಿಯ ಕೊನೆಗೆ ಎರಡು ತಂಡಗಳೂ ಸಮಸಮ ಬಂದು ನಿಂತವು. ಉಳಿದದ್ದು ಒಂದೇ ಪಂದ್ಯ, ಫೈನಲ್, ಭಾನುವಾರ ಸಂಜೆ ಐದಕ್ಕೆ. ಮುಂಗುಸಿಗಳು ಕಪ್ ಗೆದ್ದು ಒಂದು ತಲೆಮಾರು ಆಗಿತ್ತು. ಅಂಗಡಿಯಲ್ಲಿ ಸಭೆ ಸೇರಿತು. ರಾದಮೆಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ಎದ್ದು ನಿಂತ.

"ಒಂದೇ ಒಂದು ಕೇಳ್ಕೋತೀನಿ," ಅಂದ. "ಹುಟ್ಟಿದಾಗಿನಿಂದ ಫೈನಲ್‌ಗೆ ನಾನು ಅಪ್ಪನ ಪಕ್ಕ ಕೂತಿದೀನಿ. ಇದೊಂದ್ಸಲ ಬಿಡಿ. ಬೆನ್ನು ಮಾಡಿ ಕೂತ್ಕೋತೀನಿ. ಟೀವಿ ನೋಡಲ್ಲ."

"ನೋಡದೆ ಹೇಗೋ ಹೇಳ್ತೀಯ ಅವರಿಗೆ?" ಎಂದಳು ಡಾಮಾರಿಸ್.

"ನೋಡಿ ಹೇಳಿದ್ರೂ ಅಷ್ಟೇ ಅಲ್ವಾ?"

ಅದೇನೋ ನಿಜ. ಆದರೂ ಸಿದ್ಧಾಂತ ಸಿದ್ಧಾಂತವೇ. ಲಿಯೊವಿಗಿಲ್ಡೊ ಅವರ ಬೆರಳು ಭೂಪಟದ ಮೇಲೆ ವಾಯವ್ಯಕ್ಕೆ ಸರಿಯುತ್ತ ಹೋಗಿ ಮೋಂತೆ ಕ್ರಿಸ್ತಿಯ ಉಪ್ಪಿನ ಗದ್ದೆಗಳ ಮೇಲೆ ನಿಂತಿತು. ಅದರಾಚೆ ಸಮುದ್ರ. ಹಿರಿಯರ ಮಾತಿಲ್ಲದೆ ಬೇಡ ಎಂದು ದೋನ್ ನಿಕಾಸಿಯೊ ಅವರನ್ನು ಕೇಳಿದೆವು. ಮುದುಕರು ಬಹಳ ಹೊತ್ತು ಊರುಗೋಲು ತಿರುಗಿಸಿದರು.

"ಕಳಿಸಿ," ಎಂದರು.

ರಾದಮೆಸ್ ಟೋಪಿ ಹಾಕಿಕೊಂಡ. ಓರೆಯಾಗಿ ಹಾಕಿಕೊಳ್ಳಲಿಲ್ಲ. ಅವನ ಮುಖ ನೋಡಲು ನನಗಾಗಲಿಲ್ಲ, ಹಾಗಾಗಿ ಬಿಯರ್ ನೋಡಿದೆ.

ಇನ್ನು ಅವನನ್ನು ಕರೆದೊಯ್ಯುವವರು ಯಾರು? ಫೈನಲ್ ಬಿಟ್ಟು ಹೋಗಲು ಯಾರೂ ತಯಾರಿಲ್ಲ. ಚೀಟಿ ಎತ್ತಿದರು. ನನ್ನ ಹೆಸರು ಬಂತು, ಚಾಗೊ. ಬಾಡಿಗೆ ಕಾರಿನವರ ಹೆಸರನ್ನಷ್ಟೇ ಚೀಟಿಯಲ್ಲಿ ಬರೆದಿದ್ದರು ಎಂದೂ, ಬೀದಿಯಲ್ಲಿ ಬಾಡಿಗೆ ಕಾರು ಇರುವುದು ನನಗೊಬ್ಬನಿಗೇ ಎಂದೂ ನನಗೆ ಆಮೇಲೆ ಹೊಳೆಯಿತು. ಪಂದ್ಯ ಫುಕುವಿನ ಕಿವಿಗೂ ಬೀಳಬಾರದೆಂದು ಕಾರಿನ ರೇಡಿಯೊವನ್ನು ಡಾಮಾರಿಸ್ ತಾನೇ ಕಿತ್ತು ಅಕ್ಕಿಯ ಡಬ್ಬದಲ್ಲಿಟ್ಟಳು. ಆಗ ಕೈಗೊಂದು ಫೋನು ಬಂದಿರಲಿಲ್ಲ.

ಭಾನುವಾರ ಮಧ್ಯಾಹ್ನ ನಾನು ಕಾರಿನ ಹತ್ತಿರ ಹೋದರೆ ಮುಂದಿನ ಸೀಟಿನಲ್ಲಿ ದೋನ್ ನಿಕಾಸಿಯೊ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಸಿರು ಟೋಪಿ, ಮೊಣಕಾಲ ನಡುವೆ ಊರುಗೋಲು.

"ದೋನ್, ಎಲ್ಲಿಗೆ?"

"ಪಂದ್ಯಕ್ಕೆ."

"ಪಂದ್ಯ ಅಂಗಡೀಲಿ ದೋನ್."

"ನನ್ನ ಟೀವಿ ಮೋಂತೆ ಕ್ರಿಸ್ತಿಗೆ ಹೋಗ್ತಿದೆ," ಎಂದು ಹಿಂದಿನ ಸೀಟಿನ ಕಡೆ ಹೆಬ್ಬೆರಳು ತೋರಿಸಿದರು. "ಸುಮ್ನೆ ಗಾಡಿ ತೆಗಿ."

ಹಿಂದೆ ರಾದಮೆಸ್ ಮೂಗು ಒರೆಸಿಕೊಳ್ಳುತ್ತಿದ್ದ. ಬೀದಿಯವರೆಲ್ಲ ಆಗಲೇ ಟೀವಿಯ ಮುಂದೆ ಜಾಗ ಹಿಡಿಯಲು ಹೋಗಿದ್ದರಿಂದ ತಡೆಯುವವರು ಯಾರೂ ಇರಲಿಲ್ಲ.

ನಮ್ಮ ದೇಶದಲ್ಲಿ ಫೈನಲ್ ದಿನ ರೇಡಿಯೊ ಕೇಳದ ಜಾಗ ಹುಡುಕುವುದು ಎಂಥ ಕೆಲಸ ಎಂದು ಅವತ್ತು ತಿಳಿಯಿತು. ಪಂದ್ಯಕ್ಕೆ ಇನ್ನೂ ಎರಡು ತಾಸು ಇರುವಾಗಲೇ ಪ್ರತಿ ಮನೆ, ಪ್ರತಿ ಪೆಟ್ರೋಲ್ ಬಂಕು, ಒಂದು ಕತ್ತೆಗಾಡಿ ಕೂಡ ಒದರುತ್ತಿತ್ತು. ಕಿಟಕಿ ಏರಿಸಿದೆವು. ಮೂವರೂ ಹಬೆಯಲ್ಲಿ ಬೇಯುವ ಮರಗೆಣಸಿನ ಹಾಗಾದೆವು. ಗ್ವಾಯುಬಿನ್ ಊರು ದಾಟಿದ ಮೇಲೆ ಮಿಲಿಟರಿ ತಪಾಸಣೆ. ಇಬ್ಬರು ಸೈನಿಕರು, ನಡುವೆ ಒಂದು ರೇಡಿಯೊ.

"ಫೈನಲ್ ದಿನ ಎಲ್ಲಿಗ್ರಿ?" ಎಂದ ದಪ್ಪಗಿನವನು. ಅನುಮಾನ ಸಹಜ. ಅವತ್ತು ರಸ್ತೆಯಲ್ಲಿರುವವನು ಒಂದೋ ಕಳ್ಳಸಾಗಣೆಯವನು, ಇಲ್ಲ ಹುಚ್ಚ.

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಹೇಳಬಾರದಿತ್ತು. ದಪ್ಪಗಿನವನ ಕಣ್ಣು ಅರಳಿತು.

"ಮುಂಗುಸಿಗಳ ಫುಕೂನಾ? ಇವರೇನಾ? ಅಯ್ಯೋ, ಇಳೀರಿ ಸ್ವಾಮಿ, ಇಳೀರಿ! ಕುರ್ಚಿ ಹಾಕ್ತೀನಿ, ರೇಡಿಯೊ ಪಕ್ಕದಲ್ಲೇ ಕೂತ್ಕೊಳ್ಳಿ. ಕಾಫಿ ಕುಡೀತೀರಾ?"

ಅವನು ಕೊಕ್ಕರೆಗಳ ಕಡೆಯವನು. ತೆಳ್ಳಗಿನವನು ನಮ್ಮವನು. ಓಡಿ ಬಂದು ರೇಡಿಯೊ ಅಪ್ಪಿಕೊಂಡ.

"ಸಾರ್ಜೆಂಟ್, ಇದು ಅನ್ಯಾಯ! ಅವರನ್ನ ಬಿಡಿ!"

"ನಾನು ನಿನ್ನ ಮೇಲಧಿಕಾರಿ ಕಣೋ!"

"ಒಂಬತ್ತನೇ ಇನಿಂಗ್ಸ್‌ವರೆಗೂ ನನಗೆ ಯಾರೂ ಮೇಲಧಿಕಾರಿ ಇಲ್ಲ!"

ರೇಡಿಯೊವನ್ನು ಅತ್ತ ಇತ್ತ ಎಳೆದಾಡಿದರು. ಅದರ ಏರಿಯಲ್ ಕಡ್ಡಿ ಮುರಿದ ಸದ್ದು ಕೇಳುತ್ತಲೇ ನಾನು ಗೇರ್ ಹಾಕಿದೆ. ಕನ್ನಡಿಯಲ್ಲಿ ನೋಡಿದರೆ ಇಬ್ಬರೂ ನೆಲದ ಮೇಲಿದ್ದರು.

ಉಪ್ಪಿನ ಗದ್ದೆಗಳನ್ನು ಮುಟ್ಟಿದಾಗ ಐದಕ್ಕೆ ಹತ್ತಿರ. ಬಿಳಿ ಗುಡ್ಡೆಗಳು, ನೀರು, ಎರಡು ಆಡು, ಗಾಳಿ. ಒಂದು ಸದ್ದಿಲ್ಲ. ಹಲಗೆಯ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ದೋನ್ ನಿಕಾಸಿಯೊ ಅವರನ್ನು ಕೂರಿಸಿದೆವು. ಅವರು ಸಮುದ್ರದ ಕಡೆ ಮುಖ ಮಾಡಿ ಟೋಪಿ ಸರಿಮಾಡಿಕೊಂಡರು.

"ಶುರು ಮಾಡೋ," ಎಂದರು.

"ಏನನ್ನ ಅಪ್ಪಾ?"

"ಐದಾಯ್ತಲ್ಲ. ಪಂದ್ಯ ಹೇಳು."

"ಇಲ್ಲಿ ಟೀವಿ ಇಲ್ಲ ಅಪ್ಪಾ."

"ನನಗೆ ಅಲ್ಲೂ ಇರಲಿಲ್ಲ."

ರಾದಮೆಸ್ ನನ್ನನ್ನು ನೋಡಿದ. ನಾನು ಆಡುಗಳನ್ನು ನೋಡಿದೆ. ಕೊನೆಗೆ ಅವನು ಅಪ್ಪನ ಪಕ್ಕ ಉಪ್ಪಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಕಿವಿಯ ಹತ್ತಿರ ಬಾಗಿ ಶುರು ಮಾಡಿದ. ಮೊದಲ ಇನಿಂಗ್ಸಿನಲ್ಲೇ ಮುಂಗುಸಿಗಳಿಗೆ ಎಂಟು ರನ್ ಬಂದವು.

"ನಿಲ್ಸೋ," ಎಂದರು ಮುದುಕರು. "ಇದೇನು ಪಂದ್ಯಾನಾ, ಲಿಯೊವಿಗಿಲ್ಡೊ ಭಾಷಣಾನಾ? ಕೊಕ್ಕರೆಗಳಿಗೂ ಕೈಕಾಲಿವೆ. ಮೊದಲಿಂದ ಹೇಳು."

ಮೊದಲಿಂದ ಹೇಳಿದ. ಈ ಸಲ ಕೊಕ್ಕರೆಗಳು ಎರಡು ರನ್ ಹೊಡೆದವು, ಅದನ್ನು ಹೇಳುವಾಗ ಅವನು ಎರಡು ಸಲ ತಡವರಿಸಿದ. ಒಂಬತ್ತು ಜನರ ಆಟದಲ್ಲಿ ನಮ್ಮ ಕಡೆ ಹತ್ತು ಜನ ಆಡುತ್ತಿದ್ದಾರೆಂದು ಮುದುಕರು ಲೆಕ್ಕ ಹಾಕಿ ಒಬ್ಬನನ್ನು ಹೊರಗೆ ಕಳಿಸಿದರು. ಐದನೆಯ ಇನಿಂಗ್ಸಿಗೆ ನಮ್ಮ ಹಳೆಯ ಆಟಗಾರ ಗಡ್ಡದ ಮಾರ್ಸಿಯಾಲ್ ಬ್ಯಾಟ್ ಹಿಡಿದು ಬಂದ.

"ಮಾರ್ಸಿಯಾಲ್ ಸತ್ತು ಎಷ್ಟು ವರ್ಷ ಆಯ್ತೋ!"

"ಹೌದಲ್ವಾ... ವಾಪಸ್ ಕಳಿಸ್ಲಾ ಅಪ್ಪಾ?"

ಮುದುಕರು ಕೈ ಅಡ್ಡ ಆಡಿಸಿದರು. "ಬೇಡ. ಆಡ್ಲಿ. ಅಷ್ಟು ದೂರದಿಂದ ಬಂದಿದಾನೆ." ಆಮೇಲೆ ಕೇಳಿದರು: "ಗ್ಯಾಲರೀಲಿ ಯಾರ್ಯಾರಿದಾರೆ?"

"ಅಮ್ಮ ಇದಾಳೆ," ಎಂದ ರಾದಮೆಸ್. ಈ ಸಲ ತಡವರಿಸಲಿಲ್ಲ. "ಹಳದಿ ಛತ್ರಿ ಹಿಡಿದಿದಾಳೆ. ಹಿಂದಿನವರಿಗೆ ಏನೂ ಕಾಣ್ತಿಲ್ಲ, ಬೈತಿದಾರೆ. ಅವಳು ಅಂಪೈರ್‌ಗೆ ಬೈತಿದಾಳೆ."

"ಏನಂತ?"

"ನಿನ್ನ ಅಮ್ಮನ್ನ ಕರಿ, ನಾನು ಮಾತಾಡ್ತೀನಿ ಅಂತ."

ದೋನ್ ನಿಕಾಸಿಯೊ ಊರುಗೋಲಿನ ಮೇಲೆ ಗದ್ದ ಊರಿ ನಕ್ಕರು. ನಗುತ್ತಲೇ ಇದ್ದರು. ಅವರ ಹೆಂಡತಿ ಕಸಿಲ್ದಾ ನಾಲ್ಕು ಮಕ್ಕಳನ್ನೂ ಸೊಂಟದ ಮೇಲಿಟ್ಟುಕೊಂಡೇ ಪಂದ್ಯ ನೋಡಿದವರು, ಆಟದ ಒಂದು ನಿಯಮವೂ ತಿಳಿಯದೆ ಸತ್ತವರು. ಆ ಬೈಗುಳ ನನಗೂ ನೆನಪಿದೆ. ನನ್ನ ಕಣ್ಣಿಗೆ ಉಪ್ಪಿನ ಗಾಳಿ ಹೊಡೆಯಿತು ಎಂದು ಇಟ್ಟುಕೊಳ್ಳಿ.

ಆರು, ಏಳು, ಎಂಟನೆಯ ಇನಿಂಗ್ಸ್ ಕಳೆದವು. ಮಾರ್ಸಿಯಾಲನ ಹೊಡೆತದಿಂದ ಎರಡು ಎರಡು ಸಮ ಆಯಿತು. ಒಂಬತ್ತರಲ್ಲಿ ನಾವು ಒಂದು ರನ್ ಮುಂದೆ. ಅಷ್ಟರಲ್ಲಿ ನಾನು ಎದ್ದು ನಿಂತಿದ್ದೆ, ಅಂಪೈರನಿಗೆ ಒಂದೆರಡು ಮಾತು ಅಂದಿದ್ದೆ, ಆಡುಗಳು ಓಡಿಹೋಗಿದ್ದವು. ಈಗ ಕೊಕ್ಕರೆಗಳ ಕೊನೆಯ ಸರದಿ. ಎರಡು ಔಟ್. ಮೂರು ಬೇಸಿನಲ್ಲೂ ಅವರ ಮೂವರು ಓಡಲು ತಯಾರಾಗಿ ನಿಂತಿದ್ದಾರೆ. ಬ್ಯಾಟು ಹಿಡಿದವನು ಆನೆಯಂಥವನು. ಆಗಲೇ ಎರಡು ಸಲ ಬೀಸಿ ತಪ್ಪಿದ್ದಾನೆ, ಇನ್ನೊಂದು ಸಲ ತಪ್ಪಿದರೆ ಔಟ್. ರಾದಮೆಸ್ ಬಾಯಿ ಮುಚ್ಚಿಬಿಟ್ಟ.

"ಹೇಳೋ!" ಎಂದೆ ನಾನು. "ಎಸೆದನಾ ಇಲ್ವಾ?"

"ನಾನು ಹೇಳಿದ್ರೆ ಸೋಲ್ತಾರೆ," ಎಂದ. ನಿಜವಾಗಿ ಬೆವರುತ್ತಿದ್ದ. "ಅಪ್ಪಾ, ನಾನು ಫುಕು. ಬೇರೆ ಯಾರಾದ್ರೂ ಹೇಳ್ಲಿ. ಚಾಗೊ, ನೀನು ಹೇಳು."

"ಲೋ," ಎಂದರು ಮುದುಕರು, "ಬಾಯಿ ನಿಂದು, ಚೆಂಡು ನಿಂದು, ಹೊಡೆಯೋನೂ ನಿನ್ನವನೇ. ಇನ್ಯಾರ ಅಪ್ಪಣೆ ಬೇಕೋ ನಿನಗೆ? ಎಸೆಯೋ ನನ್ನಪ್ಪಾ, ಕತ್ತಲಾಗ್ತಿದೆ."

ರಾದಮೆಸ್ ಕಣ್ಣು ಮುಚ್ಚಿಕೊಂಡು ಎಸೆದ. ಆನೆ ಬೀಸಿತು. ಗಾಳಿಗೆ ಬೀಸಿತು. ಮೂರು ಎರಡು. ನಾವು ಮೂವರೂ ಉಪ್ಪಿನ ಗದ್ದೆಯಲ್ಲಿ ಕುಣಿದೆವು, ದೋನ್ ನಿಕಾಸಿಯೊ ಊರುಗೋಲು ಸಮುದ್ರಕ್ಕೆ ಎಸೆದರು, ನಾನು ಮೊಣಕಾಲುದ್ದ ನೀರಿಗಿಳಿದು ತಂದೆ. ದಾರಿಯ ಹೋಟೆಲಿನಲ್ಲಿ ಆಡಿನ ಮಾಂಸದ ಊಟ ಮಾಡಿದೆವು. ಹೋಟೆಲಿನ ರೇಡಿಯೊದಲ್ಲಿ ಹಾಡು ಬರುತ್ತಿತ್ತು. ಪಂದ್ಯ ಏನಾಯಿತೆಂದು ಯಾರನ್ನೂ ಕೇಳಲಿಲ್ಲ, ಯಾಕೆಂದರೆ ಗೊತ್ತಿತ್ತು.

ನಮ್ಮ ಬೀದಿಗೆ ಬಂದರೆ ಡೋಲಿಲ್ಲ, ಪಟಾಕಿಯಿಲ್ಲ. ಅಂಗಡಿಯ ಜಗಲಿಯಲ್ಲಿ ಇಡೀ ಬೀದಿ ತಲೆ ಬಗ್ಗಿಸಿ ಕೂತಿತ್ತು. ಕಾರು ನಿಂತದ್ದೇ ಲಿಯೊವಿಗಿಲ್ಡೊ ಅವರು ತಲೆಯೆತ್ತಿದರು.

"ಇನ್ನೂ ದೂರ ಕಳಿಸ್ಬೇಕಿತ್ತು," ಎಂದರು. "ಮುಂದೆ ಸಮುದ್ರ ಇದ್ರೂ ದೋಣಿ ಇತ್ತಲ್ಲ."

"ಅವನದೇನೂ ಅಲ್ಲ," ಎಂದಳು ಡಾಮಾರಿಸ್. "ದೋನ್ ನಿಕಾಸಿಯೊ ಕುರ್ಚಿ ಖಾಲಿ ಬಿದ್ದಿತ್ತು. ಫುಕೂನ ಓಡಿಸೋಕೆ ಹೋಗಿ ಅದೃಷ್ಟಾನೂ ಜೊತೇಲೇ ಕಳಿಸಿದ್ವಿ."

ಎಲ್ಲರೂ ಹೌದೆಂದು ಅತ್ತರು. ದೋನ್ ನಿಕಾಸಿಯೊ ಮಗನ ತೋಳು ಹಿಡಿದು ಇಳಿದರು.

"ಯಾಕ್ರೋ ಹೀಗೆ ಕೂತಿದೀರಿ?"

"ಸೋತ್ವಿ ದೋನ್. ಕೊನೇ ಇನಿಂಗ್ಸ್‌ನಲ್ಲಿ."

"ಯಾರು ಹೇಳಿದ್ದು?"

"ಟೀವಿಲಿ ನೋಡಿದ್ವಿ!"

"ನಾನೂ ನೋಡ್ದೆ," ಎಂದರು ಮುದುಕರು. "ಮೂರು ಎರಡು. ಗೆದ್ದಿದೀವಿ. ನೀವು ಯಾವ ಪಂದ್ಯ ನೋಡಿದ್ರೋ ನನಗೆ ಗೊತ್ತಿಲ್ಲ. ಚಾಗೊನ ಕೇಳಿ."

ಇಡೀ ಬೀದಿ ನನ್ನ ಕಡೆ ತಿರುಗಿತು. ನಾನು ದೇವರಿಗೆ ಹೆದರುವವನು. ಆದರೆ ಕಂಡದ್ದನ್ನು ಕಂಡಿಲ್ಲ ಎನ್ನಲು ನನ್ನಿಂದಾಗದು.

"ಹೌದು," ಎಂದೆ. "ಕೊನೇ ಚೆಂಡಿಗೆ ಆ ಆನೆ ಗಾಳಿಗೆ ಬೀಸಿದ. ನಾನು ನಿಂತ್ಕೊಂಡೇ ನೋಡ್ದೆ. ಗಡ್ಡದ ಮಾರ್ಸಿಯಾಲ್ ಆಡಿದ."

"ಮಾರ್ಸಿಯಾಲ್?" ಎಂದಳು ಡಾಮಾರಿಸ್. ಅವಳ ಗಂಡ ಬದುಕಿದ್ದಾಗ ಮಾರ್ಸಿಯಾಲನ ಫೋಟೊಗೆ ಹೂವಿಡುತ್ತಿದ್ದ. ಅವಳು ಟೀವಿಯ ಮೇಲೆ ಬಟ್ಟೆ ಹೊದಿಸಿ ರಾದಮೆಸನಿಗೆ ಒಂದು ಬಿಯರ್ ತೆರೆದಳು. "ಎಲ್ಲಿಗೆ ಹೊಡೆದ? ಮೊದಲಿಂದ ಹೇಳು."

ರಾದಮೆಸ್ ಅಪ್ಪನನ್ನು ಅವರ ಕುರ್ಚಿಯಲ್ಲಿ ಕೂರಿಸಿ, ತಾನು ಎದುರಿಗೆ ನಿಂತು ಹೇಳತೊಡಗಿದ. ಜನ ಒಬ್ಬೊಬ್ಬರಾಗಿ ಹತ್ತಿರ ಸರಿದರು. ಗ್ಯಾಲರಿಯ ವಿಷಯ ಬಂದಾಗ ತಡೆಯಲಾಗದೆ ಒಬ್ಬರ ಮೇಲೊಬ್ಬರು ಕೇಳಿದರು. ನನ್ನ ಅಣ್ಣ ಇದ್ನಾ? ಇದ್ದ, ಕಡಲೆಕಾಯಿ ತಿಂತಿದ್ದ. ನಮ್ಮಜ್ಜಿ? ಇದ್ರು. ಲಿಯೊವಿಗಿಲ್ಡೊ ಅವರು ಕೆಮ್ಮಿ, ತಾವೇನಾದರೂ ಅಲ್ಲಿದ್ದರೇ ಎಂದರು. "ಪಂದ್ಯ ಉದ್ಘಾಟನೆಗೆ ಮೊದಲ ಚೆಂಡು ನೀವೇ ಎಸೆದ್ರಿ ಸ್ವಾಮಿ" ಎಂದ ರಾದಮೆಸ್. ಸದಸ್ಯರು ಕಣ್ಣೊರೆಸಿಕೊಂಡರು.

ಎಲ್ಲರ ಹಿಂದೆ ಬಾಗಿಲಿಗೊರಗಿ ನಿಂತಿದ್ದ ಎಲ್ಪಿಡಿಯಾ ಕೊನೆಗೆ ಬಾಯಿಬಿಟ್ಟಳು.

"ನಾನಿದ್ನಾ?"

"ಇದ್ದೆ. ಅಮ್ಮನ ಪಕ್ಕದಲ್ಲೇ."

"ಏನ್ಮಾಡ್ತಿದ್ದೆ?"

ರಾದಮೆಸ್ ಟೋಪಿ ತೆಗೆದು, ತಿರುಗಿಸಿ, ಮತ್ತೆ ಹಾಕಿಕೊಂಡ. "ನನ್ನ ಜಾಗದಲ್ಲಿ ಯಾರೂ ಕೂರದ ಹಾಗೆ ನಿನ್ನ ಚೀಲ ಇಟ್ಟು ಕಾಯ್ತಿದ್ದೆ."

ಎಲ್ಪಿಡಿಯಾ ಜನರ ನಡುವೆ ದಾರಿ ಮಾಡಿಕೊಂಡು ಬಂದು, ಮಾವನ ಪಕ್ಕ ಗಂಡನ ಕುರ್ಚಿಯಲ್ಲಿ ಕೂತಿದ್ದ ಪುರಸಭಾ ಸದಸ್ಯರನ್ನು ಎಬ್ಬಿಸಿದಳು.